ಸೌದೆ ರಾಶಿಗೆ ಕೈ ಹಾಕುವ ಮುಂಚೆ

ನಿನ್ನೆ ಹಿತ್ತಲಲ್ಲಿ ಒಣಗಿದ ತೆಂಗಿನ ಗರಿ ಎಳೆಯಲು ಬಗ್ಗಿದೆ. ಸೀಟಿ ಹೊಡೆಯುವ ಮುಂಚೆ ಕುಕ್ಕರ್ ಬುಸ್ ಅನ್ನುತ್ತದಲ್ವಾ, ಅದೇ ಸದ್ದು. ನೋಡಿದರೆ ಕೊಳಕುಮಂಡಲ! ಮೈಮೇಲೆ ಸರಪಳಿಯಂಥ ಕಂದು ಮಚ್ಚೆ, ತರಗೆಲೆ ನಡುವೆ ಕಾಣುವುದೇ ಇಲ್ಲ. ಹೆಬ್ಬಾವಿನ ಮರಿ ಅಂದುಕೊಂಡು ಹತ್ತಿರ ಹೋಗುವ ಧೈರ್ಯವಂತರೂ ಇದ್ದಾರೆ, ದಯವಿಟ್ಟು ಬೇಡ.

ರಾಶಿಯನ್ನು ಮೊದಲು ಉದ್ದ ಕೋಲಿನಿಂದ ಕೆದಕಿ, ಆಮೇಲೆ ಕೈ ಹಾಕಿ. ಕಾಲಿಗೆ ಗಮ್‌ಬೂಟ್ ಇರಲಿ. ಸೌದೆಯನ್ನು ಮನೆ ಗೋಡೆಗೆ ಒಟ್ಟಬೇಡಿ. ಅಲ್ಲಿ ಇಲಿ ಸೇರುತ್ತದೆ, ಹಿಂದೆಯೇ ಹಾವು.

ಕಚ್ಚಿದರೆ ಕುಯ್ಯುವುದು, ಬಿಗಿದು ಕಟ್ಟುವುದು, ನಾಟಿ ಮದ್ದು ಅಂತ ಹೊತ್ತು ಕಳೆಯುವುದು ಯಾವುದೂ ಬೇಡ. ಉಂಗುರ, ಕಾಲ್ಗೆಜ್ಜೆ ಬಿಚ್ಚಿ, ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್ ಇದೆ ಅಂತ ಇವತ್ತೇ ವಿಚಾರಿಸಿಡಿ.