ಮಹಾಮಾರಿಯ ಕಾಲದ ವಿದೇಶ ಪ್ರಯಾಣ: ಮರಳುವ ದಾರಿಯನ್ನು ಮೊದಲು ಯೋಚಿಸಿ

ಕೋವಿಡ್ ಹಬ್ಬಿದ್ದರಿಂದ 2020ರ ಮಾರ್ಚ್‌ನಲ್ಲಿ ಭಾರತ ನಿಲ್ಲಿಸಿದ ನಿಗದಿತ ಅಂತರರಾಷ್ಟ್ರೀಯ ವಿಮಾನ ಸಂಚಾರ ಮತ್ತೆ ಆರಂಭವಾದದ್ದು 2022ರ ಮಾರ್ಚ್ 27ರಂದು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದ ಎಷ್ಟೋ ತಂದೆತಾಯಂದಿರು 2020ರ ಮೇ 7ರಂದು ಶುರುವಾದ, ವಿದೇಶದಲ್ಲಿ ಸಿಲುಕಿದವರನ್ನು ಕರೆತರುವ ಸರ್ಕಾರದ ವಂದೇ ಭಾರತ್ ವಿಮಾನಗಳಿಗೆ, ಆಮೇಲೆ ಎರಡು ದೇಶಗಳ ನಡುವಿನ ವಿಶೇಷ ಒಪ್ಪಂದದ ಏರ್ ಬಬಲ್ ವಿಮಾನಗಳಿಗೆ ಕಾದು ಕುಳಿತರು. ಮುಂದೆ ಇಂಥದೇ ಸೋಂಕು ಹಬ್ಬಿದಾಗ ಪ್ರಯಾಣ ಅನಿವಾರ್ಯವಾದರೆ, ಮರಳುವುದು ಮೂರು ತಿಂಗಳು ತಡವಾದರೆ ಏನು ಮಾಡುವುದು ಎಂಬ ಪ್ರಶ್ನೆಯಿಂದಲೇ ಸಿದ್ಧತೆ ಆರಂಭವಾಗಬೇಕು.

ಅಮೆರಿಕದಲ್ಲಿ ಎಷ್ಟು ದಿನ ಇರಬಹುದೆಂದು ಹೇಳುವುದು ವೀಸಾ ಮೇಲಿನ ದಿನಾಂಕವಲ್ಲ, ಅಲ್ಲಿ ಇಳಿದಾಗ ದಾಖಲಾಗುವ ಐ-94 ಎಂಬ ಪ್ರವೇಶ ದಾಖಲೆಯ ದಿನಾಂಕ. ಸಾಮಾನ್ಯವಾಗಿ ಆರು ತಿಂಗಳಿರುವ ಈ ಅವಧಿ ಮುಗಿಯುವ ಮುನ್ನವೇ ಐ-539 ಅರ್ಜಿ ಸಲ್ಲಿಸಿ ವಿಸ್ತರಣೆ ಕೇಳಬೇಕು. ಪಾಸ್‌ಪೋರ್ಟಿನ ಅವಧಿಯೂ ಆ ಹೆಚ್ಚುವರಿ ತಿಂಗಳುಗಳನ್ನು ದಾಟುವಂತಿರಲಿ.

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆಗಳನ್ನು ಉದ್ದೇಶಿತ ವಾಸಕ್ಕಿಂತ ಹೆಚ್ಚು ದಿನಗಳಿಗೆ ಆಗುವಷ್ಟು, ಹೋಗುವ ದೇಶದ ಮಿತಿಯೊಳಗೆ, ಮೂಲ ಸ್ಟ್ರಿಪ್‌ಗಳಲ್ಲೇ ಕೈಚೀಲದಲ್ಲಿ ಒಯ್ಯಿರಿ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ (ಜೆನೆರಿಕ್) ಹೆಸರೂ ಇರಬೇಕು, ಏಕೆಂದರೆ ನಮ್ಮೂರಿನ ಬ್ರ್ಯಾಂಡ್ ಅಲ್ಲಿನ ಔಷಧಾಲಯಕ್ಕೆ ಅರ್ಥವಾಗುವುದಿಲ್ಲ. ಕೊಲ್ಲಿಗೆ ಹೋಗುವವರು ಇನ್ನಷ್ಟು ಎಚ್ಚರ ವಹಿಸಬೇಕು. ಟ್ರಮಡಾಲ್, ಕೊಡೀನ್ ಇರುವ ನೋವು ಮತ್ತು ಕೆಮ್ಮಿನ ಔಷಧಗಳಿಗೆ ಯುಎಇಯಲ್ಲಿ ಕಟ್ಟುನಿಟ್ಟಾದ ನಿಯಂತ್ರಣವಿದೆ.

ಅತಿ ಹೆಚ್ಚು ಸಮಯ ಕೊಡಬೇಕಾದದ್ದು ವಿಮೆಗೆ ಎಂದು ನಾನು ನಂಬುತ್ತೇನೆ. ಸೋಂಕಿನ ಸುದ್ದಿ ಎಲ್ಲೆಡೆ ಹಬ್ಬಿದ ಮೇಲೆ ಕೊಂಡ ಪಾಲಿಸಿಯಲ್ಲಿ ಅದನ್ನು ‘ಮೊದಲೇ ತಿಳಿದಿದ್ದ ಘಟನೆ’ ಎಂದು ಪರಿಗಣಿಸಿ ಪರಿಹಾರ ನಿರಾಕರಿಸುವ ಷರತ್ತು ಇರಬಹುದು. ಆ ಸೋಂಕಿನ ಚಿಕಿತ್ಸೆ, ಮೊದಲಿನಿಂದಿರುವ ಕಾಯಿಲೆಗಳು, ಕ್ವಾರಂಟೈನ್ ವಾಸದ ಖರ್ಚು, ವಿದೇಶದಿಂದಲೇ ಅವಧಿ ವಿಸ್ತರಿಸುವ ಅವಕಾಶ, ಈ ನಾಲ್ಕರ ಬಗ್ಗೆಯೂ ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ. ಅಮೆರಿಕದಲ್ಲಿ ಪ್ರತಿ ಚಿಕಿತ್ಸೆಗೂ ನಿಗದಿತ ಮೊತ್ತವಷ್ಟೇ ಕೊಡುವ ಅಗ್ಗದ ಪಾಲಿಸಿ ಆಸ್ಪತ್ರೆಯ ಬಿಲ್ಲಿನ ಸಣ್ಣ ಭಾಗಕ್ಕೂ ಸಾಲದೆ ಹೋಗಬಹುದು.

ಲಸಿಕೆಯ ಪ್ರಮಾಣಪತ್ರದಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರುಗಳ ವಿಸ್ತಾರ ಇರುವ ನಮ್ಮವರಿಗೆ ಇದು ನಿಜವಾದ ತೊಡಕು. 2021ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಕೋವಿಶೀಲ್ಡ್ ಲಸಿಕೆಯನ್ನು ಒಪ್ಪಿಕೊಂಡಿತಾದರೂ ಭಾರತದ ಪ್ರಮಾಣಪತ್ರವನ್ನು ಒಪ್ಪಿದ್ದು ಅಕ್ಟೋಬರ್ 11ರಿಂದ. ಕೋವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಬಳಕೆಯ ಮನ್ನಣೆ ದೊರೆತದ್ದು ನವೆಂಬರ್ 3ರಂದು. ಆಯ್ಕೆ ಇದ್ದರೆ ಆ ಸಂಸ್ಥೆಯ ಪಟ್ಟಿಯಲ್ಲಿರುವ ಲಸಿಕೆಯನ್ನೇ ಪಡೆಯುವುದು ಪ್ರಯಾಣಿಕರಿಗೆ ಕ್ಷೇಮ.

ವಿದೇಶಿ ಪೌರತ್ವ ಪಡೆದ ಮಕ್ಕಳು ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಇದೆಯೆಂದು ನಿಶ್ಚಿಂತರಾಗಬಾರದು. 2020ರ ಮಾರ್ಚ್ 13ರಿಂದ ಆ ಕಾರ್ಡಿನ ವೀಸಾರಹಿತ ಪ್ರವೇಶವನ್ನೂ ತಡೆಹಿಡಿಯಲಾಗಿತ್ತು.

ಟಿಕೆಟನ್ನು ಇಡೀ ದಾರಿಗೆ ಒಂದೇ ಬುಕಿಂಗ್‌ನಲ್ಲಿ, ಆದಷ್ಟು ಕಡಿಮೆ ನಿಲುಗಡೆಗಳೊಂದಿಗೆ ಮಾಡಿಸಿ. ವಿಮಾನ ಬದಲಿಸುವ ದೇಶದ ನಿಯಮವೂ ನಿಮಗೆ ಅನ್ವಯಿಸುತ್ತದೆ. ಸೋಂಕಿನ ಪರೀಕ್ಷೆಗೆ 72 ಗಂಟೆಗಳ ಗಡುವಿದ್ದರೆ ಅದು ಮಾದರಿ ಕೊಟ್ಟ ಸಮಯದಿಂದಲೋ ವರದಿ ಬಂದ ಸಮಯದಿಂದಲೋ ಎಂದು ಮೊದಲೇ ಕೇಳಿಕೊಳ್ಳಿ. ಹಾರಾಟದ ವೇಳೆ ಸೂಕ್ಷ್ಮ ಕಣಗಳನ್ನು ಹಿಡಿಯುವ ವಿಮಾನದ ಹೆಪಾ ಫಿಲ್ಟರ್ ಗಾಳಿಯನ್ನು ಚೆನ್ನಾಗಿ ಶುದ್ಧೀಕರಿಸುತ್ತದೆ, ಆದರೆ ಸರತಿಯಲ್ಲಿ ನಿಂತಾಗ, ಹತ್ತಿ ಇಳಿಯುವಾಗ ಆ ರಕ್ಷಣೆ ಅಷ್ಟಿರುವುದಿಲ್ಲವಾದ್ದರಿಂದ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಅಲ್ಲಿ ತೆಗೆಯಲೇಬಾರದು. ಹೊರಡುವ ದಿನ ಜ್ವರವಿದ್ದರೆ ಟಿಕೆಟಿನ ಹಣ ಹೋದರೂ ಪ್ರಯಾಣ ಬಿಡಿ.

ಹಿಂದೆ ಉಳಿಯುವ ಮನೆಯನ್ನೂ ನೆನೆಯಿರಿ. ಪಿಂಚಣಿದಾರರು ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಮರಳುವುದು ತಡವಾದರೆ ಅದನ್ನು ವಿದೇಶದಿಂದ ಸಲ್ಲಿಸುವುದು ಹೇಗೆಂದು ಬ್ಯಾಂಕಿನಲ್ಲಿ ವಿಚಾರಿಸಿ, ಬೇಕಾದ ಕಾಗದಗಳನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡು ಹೊರಡಿ.