ದೋಸೆ ಕಲ್ಲಿನ ಪಕ್ಕದ ಡೈರಿ

ಮುಂಬೈಯ ಒಂದು ಹೋಟೆಲ್‌ನಲ್ಲಿ ಮೂರು ವರ್ಷ ದೋಸೆ ಹಾಕಿದೆ. ದಿನಕ್ಕೆ ಹನ್ನೆರಡು ಗಂಟೆ. ಧಣಿ ನಮ್ಮ ಕುಂದಾಪುರದ ಕಡೆಯವರೇ, ಅಪ್ಪಯ್ಯನಿಗೆ ಗುರ್ತದವರು. ಸಂಬಳ ಜಾಸ್ತಿ ಕೇಳಲು ಮುಲಾಜು. ಸುಮ್ನೆ ದುಡಿದೆ.

2018ರಲ್ಲಿ ಯೂನಿಯನ್‌ನವರೊಬ್ಬರು ಕನಿಷ್ಠ ವೇತನದ ಪಟ್ಟಿ ತೋರಿಸಿದರು. ಮಹಾರಾಷ್ಟ್ರದಲ್ಲಿ ಮೂಲ ದರದ ಮೇಲೆ ವಿಶೇಷ ಭತ್ಯೆ ಸೇರುತ್ತದೆ. ಅದು ಜನವರಿಗೊಮ್ಮೆ, ಜುಲೈಗೊಮ್ಮೆ ಬದಲಾಗುತ್ತದೆ. ಎರಡನ್ನೂ ಕೂಡಿಸಿ ನೋಡಿದಾಗಲೇ ನನಗೆ ಎಷ್ಟು ಕಡಿಮೆ ಬರುತ್ತಿದೆ ಅಂತ ಗೊತ್ತಾಯಿತು.

ಆದರೆ ಸಂಬಳ ನಗದು, ಚೀಟಿ ಇಲ್ಲ. ಅವರು ಹೇಳಿದಂತೆ ಒಂದು ಸಣ್ಣ ಡೈರಿ ತಂದೆ. ಎಷ್ಟು ಹೊತ್ತಿಗೆ ಕಲ್ಲು ಕಾಯಿಸಿದೆ, ಎಷ್ಟು ಹೊತ್ತಿಗೆ ಒರೆಸಿದೆ, ಯಾವ ತಾರೀಕು ಎಷ್ಟು ದುಡ್ಡು ಕೊಟ್ಟರು, ಎಲ್ಲ ಅವತ್ತವತ್ತೇ ಬರೆದೆ. ಎರಡು ತಿಂಗಳಾದ ಮೇಲೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿ, ಕಾಮಗಾರ್ ಭವನಕ್ಕೆ ಹೋಗಿ ಅರ್ಜಿ ಕೊಟ್ಟೆ. ಮರಾಠಿಯಲ್ಲಿ ಬರೆದುಕೊಟ್ಟದ್ದು ಯೂನಿಯನ್‌ನವರು.

ಅಧಿಕಾರಿ ಮಧ್ಯಾಹ್ನದ ಗಡಿಬಿಡಿಯಲ್ಲೇ ಬಂದರು. ರಿಜಿಸ್ಟರ್‌ನಲ್ಲಿ ನಾನು ಹೆಲ್ಪರ್, ಕೆಲಸ 8 ಗಂಟೆ! ಹೆಲ್ಪರ್ ಅಂದರೆ ಅಕುಶಲ, ದರ ಇನ್ನೂ ಕಡಿಮೆ. ಅವರು ನೇರ ಅಡುಗೆಮನೆಗೆ ಬಂದು, ಇಲ್ಲಿ ದೋಸೆ ಹಾಕುವವರು ಯಾರು ಅಂತ ಹುಡುಗರನ್ನು ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು.

ಆ ರಾತ್ರಿ ಧಣಿ ಊರಿಗೆ ಫೋನ್ ಮಾಡಿದರು. "ಉಂಡ ಮನೆಗೆ ಎರಡು ಬಗೆಯಬೇಡ ಮಗಾ" ಅಂದರು ಅಪ್ಪಯ್ಯ. "ಉಂಡದ್ದು ನನ್ನ ದುಡಿಮೆಯದ್ದೇ ಅಪ್ಪಯ್ಯ" ಅಂದೆ. ಅದನ್ನು ಹೇಳುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ವಿಚಾರಣೆಯಲ್ಲಿ ಧಣಿ, "ಇಷ್ಟಕ್ಕೇ ಒಪ್ಪಿ ಸೇರಿದ್ದಾನೆ" ಎಂದರು. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಅದಕ್ಕೆ ಬೆಲೆಯೇ ಇರಲಿಲ್ಲ. ಕನಿಷ್ಠಕ್ಕಿಂತ ಕಡಿಮೆಗೆ ನಾವೇ ಸಹಿ ಹಾಕಿದ್ದರೂ ಆ ಒಪ್ಪಂದ ಅಸಿಂಧು. ಬಾಕಿಯ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದಿತ್ತು. ನನಗೆ ಬಾಕಿಯೂ ಅದರಷ್ಟೇ ಪರಿಹಾರವೂ ಚೆಕ್‌ನಲ್ಲಿ ಬಂತು.

ಆದರೆ ಆರು ತಿಂಗಳದ್ದು ಮಾತ್ರ. ಆಗ ಅರ್ಜಿಗೆ ಇದ್ದದ್ದು ಅಷ್ಟೇ ಗಡುವು. ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುತ್ತಿದ್ದರು. ಮುಲಾಜು ತಕ್ಕ ಕಾರಣ ಆಗಲಿಲ್ಲ. ಎರಡೂವರೆ ವರ್ಷದ ಬಾಕಿ ಹಾಗೇ ಹೋಯಿತು.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಬದಲಿಗೆ ವೇತನ ಸಂಹಿತೆ ಜಾರಿಯಲ್ಲಿದೆ. ಈಗ ಗಡುವು ಮೂರು ವರ್ಷ. ಸಂಬಳ ಸರಿಯಾಗಿ ಕೊಟ್ಟಿದ್ದೇನೆ ಅಂತ ತೋರಿಸಬೇಕಾದವರೂ ಮಾಲೀಕರೇ. ನನ್ನ ಮೂರು ವರ್ಷವೂ ಅದರೊಳಗೆ ಬರುತ್ತಿತ್ತು.