ಹಳೆಯ ಎಚ್‌ಎಂಟಿ ಗಡಿಯಾರವನ್ನು ಆನ್‌ಲೈನ್ ಹರಾಜಿನಲ್ಲಿ ಮಾರುವ ಬಗೆ

ಹಳೆಯ ಗಡಿಯಾರದ ಡಯಲ್‌ಗೆ ಹೊಸ ಬಣ್ಣ ಹಾಕಿಸಬೇಡಿ. ಆನ್‌ಲೈನ್ ಹರಾಜಿನಲ್ಲಿ ಮಾರಬೇಕೆಂದು ಹಾಸನದ ನನ್ನ ರಿಪೇರಿ ಅಂಗಡಿಗೆ ಬರುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಡಯಲ್ ಹಳದಿಯಾಗಿದ್ದರೆ ಆಗಲಿ, ಅಂಚಿನಲ್ಲಿ ಚುಕ್ಕೆ ಬಿದ್ದಿದ್ದರೆ ಬೀಳಲಿ. ಬಣ್ಣ ಬಳಿದ ಡಯಲ್‌ನ ಅಕ್ಷರಗಳ ಅಂಚು ಲೂಪ್‌ನಲ್ಲಿ, ಅಂದರೆ ಗಡಿಯಾರ ರಿಪೇರಿಯ ಭೂತಗನ್ನಡಿಯಲ್ಲಿ, ನೋಡಿದರೆ ಹರಡಿಕೊಂಡಿರುತ್ತದೆ. ಸಂಗ್ರಾಹಕರು ಅದನ್ನು ಫೋಟೋದಲ್ಲಿಯೇ ಹಿಡಿಯುತ್ತಾರೆ. ನಮ್ಮ ದೇಶದಿಂದ ಹೋದ ಇಂಥ ಬಣ್ಣದ ಗಡಿಯಾರಗಳು ಹರಾಜು ತಾಣಗಳಲ್ಲಿ ರಾಶಿ ಬಿದ್ದಿವೆ. ಪ್ರಾಮಾಣಿಕವಾಗಿ ಮಾರುವವರನ್ನೂ ಜನ ಅನುಮಾನದಿಂದ ನೋಡುವುದು ಅದಕ್ಕೇ, ಮತ್ತು ಅದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಎಚ್‌ಎಂಟಿ ನಮ್ಮ ರಾಜ್ಯದ ವಸ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಕೈಗಡಿಯಾರ ತಯಾರಿಕೆ ಮುಂದೆ ತುಮಕೂರಿಗೂ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಅದನ್ನು ಮುಚ್ಚಲು ತೀರ್ಮಾನಿಸಿತು. ಜನತಾ, ಪೈಲಟ್, ಜವಾನ್, ಕೋಹಿನೂರ್ ಮುಂತಾದ ಕೀಲಿ ಕೊಡುವ ಮಾದರಿಗಳಿಗೆ ಹೊರದೇಶಗಳಲ್ಲಿ ಅಭಿಮಾನಿಗಳಿದ್ದಾರೆ. ಅರಸೀಕೆರೆಯ ನಿವೃತ್ತ ರೈಲ್ವೆ ನೌಕರರ ಮನೆಗಳಲ್ಲಿ, ಸಕಲೇಶಪುರದ ಕಾಫಿ ತೋಟಗಳ ರೈಟರುಗಳ ಮನೆಗಳಲ್ಲಿ ಇವು ಇನ್ನೂ ಪೆಟ್ಟಿಗೆ ಸೇರಿ ಕುಳಿತಿವೆ. ಅಂಥವರಿಂದ ಕೊಳ್ಳುವಾಗ ಹರಾಜಿನಲ್ಲಿ ಎಷ್ಟು ಬರಬಹುದು ಎಂಬುದನ್ನು ತಿಳಿಸಿಯೇ ಬೆಲೆ ಮಾತನಾಡಿ. ಅಪ್ಪನ ಮದುವೆಯ ಗಡಿಯಾರವನ್ನು ಗುಜರಿಯ ಬೆಲೆಗೆ ಎತ್ತಿಕೊಂಡು ಬರುವುದು ಸಂಪಾದನೆಯಲ್ಲ.

ಆನ್‌ಲೈನ್ ಹರಾಜಿನ ತಾಣವಾದ ಇ-ಬೇಯ ಭಾರತೀಯ ಆವೃತ್ತಿ 2018ರಲ್ಲಿ ಮುಚ್ಚಿತು. ಈಗ ನಾವು ಇ-ಬೇಯ ಹೊರದೇಶದ ತಾಣದಲ್ಲಿ ಮಾರುವುದೆಂದರೆ ರಫ್ತು ಮಾಡುವುದು. ಅದಕ್ಕೆ ಪ್ಯಾನ್ ಆಧಾರದ ಆಮದು-ರಫ್ತು ಸಂಕೇತ ಬೇಕು. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಪಡೆಯಬಹುದು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಲ್ಲಿಯೇ ವಿವರ ಖಚಿತಪಡಿಸಬೇಕು. ಹಣ ಪೇಯೊನೀರ್ ಎಂಬ ಹಣ ವರ್ಗಾವಣೆ ಸೇವೆಯ ಮೂಲಕ ಬ್ಯಾಂಕಿಗೆ ಬರುತ್ತದೆ. ಜಿಎಸ್‌ಟಿ ವಿಷಯವನ್ನು ಲೆಕ್ಕಪರಿಶೋಧಕರ ಬಳಿ ಕೇಳಿಯೇ ಮುಂದುವರಿಯಿರಿ.

ಬೆಲೆ ಗೊತ್ತುಮಾಡುವಾಗ ಇತರರು ಕೇಳುತ್ತಿರುವ ಬೆಲೆಯನ್ನು ನೋಡಬೇಡಿ. ಹುಡುಕಾಟದಲ್ಲಿ ‘ಮಾರಾಟವಾದವು’ ಎಂಬ ಆಯ್ಕೆ ಇದೆ. ಅದೇ ಮಾದರಿ, ಅದೇ ಸ್ಥಿತಿಯ ಗಡಿಯಾರಕ್ಕೆ ಯಾರೋ ನಿಜವಾಗಿ ಕೊಟ್ಟ ಹಣ ಅಲ್ಲಿ ಕಾಣುತ್ತದೆ.

ಇನ್ನು ಫೋಟೋ. ರಾಮನಾಥಪುರದ ಮಾರುಕಟ್ಟೆಯಲ್ಲಿ ತಂಬಾಕು ಕೊಳ್ಳುವವನು ಎಲೆಯನ್ನು ಕೈಯಲ್ಲಿ ಹಿಡಿದು ನೋಡಬಲ್ಲ. ನಿಮ್ಮ ಗಿರಾಕಿಗೆ ಆ ಅನುಕೂಲವಿಲ್ಲ. ಅವನ ಕೈಯ ಕೆಲಸವನ್ನು ನಿಮ್ಮ ಫೋಟೋ ಮಾಡಬೇಕು. ಬೆಳಗಿನ ಹೊತ್ತು ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಡಯಲ್, ಮುಳ್ಳುಗಳು, ಕೀಲಿಯ ತಲೆ, ಬೆಲ್ಟ್ ಕಟ್ಟುವ ಕಿವಿಗಳು, ಗಾಜಿನ ಮೇಲಿನ ಗೀರು ಎಲ್ಲವೂ ಹತ್ತಿರದಿಂದ ಕಾಣಲಿ. ಹಿಂದಿನ ಮುಚ್ಚಳ ತೆರೆದು ಒಳಗಿನ ಯಂತ್ರವನ್ನೂ ತೋರಿಸಿ. ಜನತಾ, ಪೈಲಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 17 ಜ್ಯುವೆಲ್‌ಗಳ (ಸವೆತ ತಡೆಯುವ ಪುಟ್ಟ ಹರಳುಗಳ) 0231 ಯಂತ್ರ. ಅದರ ಮೇಲಿನ ಸಂಖ್ಯೆ ಓದಲು ಬರುವಂತಿದ್ದರೆ ಗಿರಾಕಿಯ ಅರ್ಧ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಮುಚ್ಚಳ ತೆಗೆಯುವ ಅಭ್ಯಾಸವಿಲ್ಲದವರು ರಿಪೇರಿಯವರಿಂದಲೇ ತೆಗೆಸಿ. ಚಾಕು ಜಾರಿದರೆ ಕೇಸ್ ಹಾಳು.

ವಿವರಣೆಯಲ್ಲಿ ದೋಷವನ್ನೇ ಮೊದಲು ಬರೆಯಿರಿ. ಕೀಲಿಯ ತಲೆ ಬದಲಾಗಿದೆ, ದಿನಕ್ಕೆ ಇಷ್ಟು ನಿಮಿಷ ಹಿಂದೆ ಬೀಳುತ್ತದೆ, ಸರ್ವಿಸ್ ಆಗಿಲ್ಲ ಎಂದು ನೇರವಾಗಿ ಹೇಳಿ. ಅನುಭವಿ ಸಂಗ್ರಾಹಕ ಇದನ್ನು ಓದಿ ಹಿಂದೆ ಸರಿಯುವುದಿಲ್ಲ, ಉಳಿದುದನ್ನೂ ನಂಬುತ್ತಾನೆ.

ಹರಾಜು ನಡೆಯುವ ಕ್ರಮ ತಿಳಿದಿದ್ದರೆ ಮಧ್ಯದಲ್ಲಿ ಎದೆಗುಂದುವುದಿಲ್ಲ. ಕೊಳ್ಳುವವನು ತನ್ನ ಗರಿಷ್ಠ ಮೊತ್ತವನ್ನು ತಾಣಕ್ಕೆ ಗುಟ್ಟಾಗಿ ತಿಳಿಸಿರುತ್ತಾನೆ. ಒಬ್ಬ 60 ಡಾಲರ್, ಇನ್ನೊಬ್ಬ 45 ಡಾಲರ್ ಎಂದಿದ್ದರೆ ಬೆಲೆ 46ಕ್ಕೆ ನಿಲ್ಲುತ್ತದೆ, 60ಕ್ಕೆ ಏರುವುದಿಲ್ಲ. ಅಂದರೆ ನಿಮಗೆ ಬೆಲೆ ತಂದುಕೊಡುವವನು ಎರಡನೆಯವನು. ಆ ಎರಡನೆಯವನು ಬರಲು ಆರಂಭದ ಬೆಲೆ ಕಡಿಮೆ ಇರಬೇಕು, ಆದರೆ ಕೈಯಿಂದ ಹಣ ಕಳೆದುಕೊಳ್ಳುವಷ್ಟು ಕಡಿಮೆ ಬೇಡ. ಬಾಮೈದನ ಹೆಸರಿನಲ್ಲಿ ಕೂಗಿಸಿ ಬೆಲೆ ಏರಿಸುವುದು ತಾಣದ ನಿಯಮಕ್ಕೆ ವಿರುದ್ಧ, ಖಾತೆಯೇ ಹೋಗುತ್ತದೆ. ಏಳು ದಿನದ ಹರಾಜು ನನಗೆ ಹಿತ. ಅಮೆರಿಕದ ಗಿರಾಕಿಗಳು ಬಿಡುವಾಗಿರುವ ಭಾನುವಾರ ಸಂಜೆ ನಮಗೆ ಸೋಮವಾರ ಬೆಳಗ್ಗೆ; ಹರಾಜು ಆ ಹೊತ್ತಿಗೆ ಮುಗಿಯುವಂತೆ ಇಡಿ. ಕೊನೆಯ ನಿಮಿಷದವರೆಗೆ ಕಾಯ್ದು ಕೂಗುವವರೇ ಹೆಚ್ಚು, ಹಾಗಾಗಿ ಗುರುವಾರ ಬೆಲೆ ಮಲಗಿದೆಯೆಂದು ಹೆದರಬೇಡಿ.

ಲೆಕ್ಕದಲ್ಲಿ ತಾಣದ ಶುಲ್ಕ, ಹಣ ವರ್ಗಾವಣೆಯ ಕಡಿತ, ಅಂಚೆ, ಪ್ಯಾಕಿಂಗ್ ಎಲ್ಲವನ್ನೂ ಮೊದಲೇ ಸೇರಿಸಿ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ಸುಂಕ ಯಾರು ಕಟ್ಟಬೇಕೆಂಬುದನ್ನು ಮಾರಾಟಕ್ಕೆ ಮುನ್ನವೇ ಸ್ಪಷ್ಟ ಮಾಡಿಕೊಳ್ಳಿ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ ಮೂಲಕ ರಫ್ತಿನ ಕಾಗದಪತ್ರವನ್ನು ಆನ್‌ಲೈನ್‌ನಲ್ಲಿಯೇ ತುಂಬಬಹುದು. ಅಂಚೆಯಲ್ಲಿ ಗಡಿಯಾರ ಬರಲು ಬಿಡದ ದೇಶಗಳೂ ಇವೆ, ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ.

ಬೇಲೂರು ಹಳೇಬೀಡಿನ ನಾಡಿನಲ್ಲಿ ಇದನ್ನೂ ಹೇಳಲೇಬೇಕು: ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಕೆತ್ತನೆಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದು 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅಪರಾಧ. ಅಂಥದ್ದು ಯಾರಾದರೂ ತಂದರೆ ಮುಟ್ಟಬೇಡಿ. ನಮ್ಮ ಗಡಿಯಾರಗಳಿಗೆ ಆ ತೊಡಕಿಲ್ಲ.

ಹೊಸ ಖಾತೆಗೆ ಎಷ್ಟು ವಸ್ತು ಮಾರಬಹುದೆಂಬ ಮಿತಿ ಇರುತ್ತದೆ, ಹಣವನ್ನೂ ತಾಣ ಸ್ವಲ್ಪ ಕಾಲ ತಡೆಹಿಡಿಯಬಹುದು. ಆದ್ದರಿಂದ ಸಾಲ ಮಾಡಿ ಗಡಿಯಾರ ಕೂಡಿಹಾಕಬೇಡಿ. ಸಾಧಾರಣ ಜನತಾ ಒಂದನ್ನು ಮೊದಲು ಹರಾಜಿಗಿಡಿ, ಗಟ್ಟಿ ಡಬ್ಬಿಯಲ್ಲಿ ಅಲುಗಾಡದಂತೆ ಕಟ್ಟಿ ಕಳುಹಿಸಿ, ಅದು ತಲುಪಿ ಗಿರಾಕಿ ಅಭಿಪ್ರಾಯ ಬರೆದ ಮೇಲೆ ಪೈಲಟ್ ತೆಗೆಯಿರಿ.